ಬಿಲ್ಲೆ

ಮಸೇರುವಿನಲ್ಲಿ ಜೂನ್ ಎಂದರೆ ಚಳಿ.
ಆರೂವರೆಗೇ ಗೇಟಿನ ಮುಂದೆ ಕಂಬಳಿ ಹೊದ್ದ ಹೆಂಗಸರು,
ಉಸಿರಾಡಿದರೆ ಹಬೆ.
ಕಂಬಳಿ ಒಳಗೆ ತರುವಂತಿಲ್ಲ. ನಿಯಮ ಏಳು.

ನಾನು ಲಿಮಕಾತ್ಸೊ, ದುಭಾಷಿ.
ಆರು ವರ್ಷ ಇಲ್ಲೇ ಜೀನ್ಸಿನ ಹಿಂಜೇಬು ಹೊಲಿದೆ,
ದಿನಕ್ಕೆ ಒಂಬೈನೂರು,
ಒಂದರೊಳಗೂ ಕೈ ಇಟ್ಟು ಬೆಚ್ಚಗಾದವಳಲ್ಲ.
ಈಗ ಮಾತು ಹೊಲಿಯುತ್ತೇನೆ:
ಸೆಸೊಥೊ ಒಂದು ತುಂಡು, ಮ್ಯಾಂಡರಿನ್ ಒಂದು ತುಂಡು.
ಹೊಲಿಗೆ ನಿಲ್ಲಬೇಕಾದರೆ ಎರಡೂ ಕಡೆಯಿಂದ
ಒಂದಿಷ್ಟು ಒಳಕ್ಕೆ ಮಡಚಲೇಬೇಕು.
ಆ ಮಡಿಕೆಯಲ್ಲಿ ಏನೇನು ಉಳಿದಿದೆಯೆಂದು
ನನ್ನನ್ನು ಈವರೆಗೆ ಯಾರೂ ಕೇಳಿಲ್ಲ.

ಆ ಬುಧವಾರ, ಮೊದಲ ಸಲ,
ಮೇಜಿನ ಎರಡೂ ಬದಿಗೆ ಕುರ್ಚಿ ಹಾಕಿದ್ದರು.
ಕುಂಟು ಮೇಜು. ಮೊಣಕೈ ಊರಿದವರ ಕಡೆಗೆಲ್ಲ ವಾಲುತ್ತಿತ್ತು.
ಆ ಬದಿಗೆ ಲಿಯಾವ್ ಸಾಹೇಬರು, ಅವರ ಲೆಕ್ಕದ ಹುಡುಗ,
ಈ ಬದಿಗೆ ಹನ್ನೊಂದನೇ ಸಾಲಿನ ಕೆನೆವೆ,
ತೊಡೆಯ ಮೇಲೆ ಗಂಟು ಕಟ್ಟಿದ ಕರವಸ್ತ್ರ.

ಸಾಹೇಬರು ಶುರುಮಾಡಿದರು:
ಕೊಳ್ಳುವವರು ಪ್ಯಾಂಟಿಗೆ ಹನ್ನೆರಡು ಸೆಂಟು ಇಳಿಸಿ ಅನ್ನುತ್ತಾರೆ,
ಒಲ್ಲೆನೆಂದರೆ ಆರ್ಡರು ಹಡಗು ಹತ್ತಿ ಇನ್ನೊಂದು ದೇಶಕ್ಕೆ.
ನೂರಕ್ಕೆ ಒಂಬತ್ತು ಪ್ಯಾಂಟು ಹೊಲಿಗೆ ತಪ್ಪಿ ವಾಪಸು.
ನಿಮ್ಮ ಜನಕ್ಕೆ ಕೆಲಸದ ಮೇಲೆ ಗಮನವಿಲ್ಲ.

ಹಾಗೆಯೇ ಹೇಳಿದೆ.
'ನಿಮ್ಮ ಜನ' ಎಂಬುದನ್ನು ಮಾತ್ರ ಮಡಚಿದೆ.

ಕೆನೆವೆ ಗಂಟು ಬಿಚ್ಚಿದಳು.
ಅಂಗೈಯಗಲದ ಮರದ ಬಿಲ್ಲೆ, ತೂತಿನಲ್ಲಿ ಡೆನಿಮ್ ದಾರ,
ಎಷ್ಟೋ ಕೈಗಳ ಬೆವರಿಗೆ ಕರ್ರಗೆ ಮಿರುಗುತ್ತಿದೆ.
'ಇದೇನು?' ಎಂದರು ಲಿಯಾವ್, ತಿರುಗಿಸಿ, ಮೂಸಿ.
ಹದಿನಾಲ್ಕು ವರ್ಷದಿಂದ ಈ ಕಾರ್ಖಾನೆಯ
ಒಂದೊಂದು ಸೂಜಿಯ ನಂಬರು ಬಲ್ಲವರು!
ಇದು ಕೈಯಲ್ಲಿದ್ದರೆ ಪಾಯಖಾನೆಗೆ ಹೋಗಬಹುದು.
ಸಾಲಿನಲ್ಲಿ ಅರವತ್ತೆರಡು ಮಂದಿ. ಬಿಲ್ಲೆ ಒಂದು.

'ಅದಕ್ಕೇ ನೀರು ಕುಡಿಯುವುದನ್ನೇ ಬಿಟ್ಟಿದ್ದೇವೆ.
ಮೂರು ಗಂಟೆಗೆ ಸೂಜಿಯ ಕಣ್ಣು ಎರಡೆರಡಾಗಿ ಕಾಣುತ್ತದೆ.
ಆ ಒಂಬತ್ತು ಪ್ಯಾಂಟು ಯಾವ ಹೊತ್ತಿನವು, ನೋಡಿದ್ದೀರಾ?'

ಯಾರೂ ನೋಡಿರಲಿಲ್ಲ.
ಪುಸ್ತಕ ತರಿಸಿದರು. ಹುಡುಗನ ಬೆರಳು ಇಳಿಯಿತು, ನಿಂತಿತು,
ಮತ್ತೆ ಮೇಲೆ ಹೋಗಿ ಇಳಿಯಿತು.
ಏಳು, ಎಂದ. ಮೂರರಿಂದ ಐದರೊಳಗೆ ಏಳು.

ಆಗ ಕೆನೆವೆ ಹಳೆಯ ಗಾದೆಯೊಂದನ್ನು ಅಂದಳು:
ಹತ್ತು ಜನ ಕೂತ ಖೋಟ್ಲಾದಲ್ಲಿ
ಆಡಿದ ಮಾತಿಗೆ ದಂಡವಿಲ್ಲ.
ನನಗೆ ಮ್ಯಾಂಡರಿನ್ ಒದಗಲಿಲ್ಲ. ಖೋಟ್ಲಾ ಅಂದರೆ ಏನೆನ್ನಲಿ,
ಅಜ್ಜನ ಊರಿನ ಆ ಕಲ್ಲುಗೋಡೆ, ಆ ಸಗಣಿ ವಾಸನೆ?
'ಅವಳಿಗೆ ಹೆದರಿಕೆಯಾಗುತ್ತಿದೆ' ಎಂದುಬಿಟ್ಟೆ.

ಅವಳು ಆಡಿದ ಮಾತಲ್ಲ ಅದು. ಮಡಿಕೆಯಲ್ಲಿದ್ದದ್ದು.
ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿದರು,
ಮೇಜನ್ನೇ ನೋಡುತ್ತ, ಮೆಲ್ಲಗೆ: 'ದಂಡವಿಲ್ಲ.'
ಆ ಗಾದೆ ಅವರಿಗೆ ಹೇಗೆ ತಲುಪಿತೋ, ನಾನರಿಯೆ.

ಜುಲೈಯಲ್ಲಿ ಬಿಲ್ಲೆ ನಾಲ್ಕಾದವು.
ಆಗಸ್ಟಿನಲ್ಲಿ ಕೇಳುವವರೇ ಇಲ್ಲ; ಎದ್ದರು, ಹೋದರು, ಬಂದರು.
ಸಾಲಿನ ತುದಿಗೊಂದು ನೀರಿನ ಡ್ರಮ್ಮು. ನಿಯಮ ಏಳರ ಮೇಲೆ ಗೀಟು.
ವಾಪಸು ಬರುವ ಪ್ಯಾಂಟು ನೂರಕ್ಕೆ ನಾಲ್ಕು,
ಆರ್ಡರು ಹಡಗು ಹತ್ತಲಿಲ್ಲ.
ಆ ಹಳೆಯ ಬಿಲ್ಲೆ ಈಗ ಕುಂಟು ಮೇಜಿನ ಕಾಲಿನಡಿ ಇದೆ.

ಸಂಬಳದ ಹಾಳೆ ಮಾತ್ರ ಪ್ರತಿ ಬುಧವಾರ
ಮುಂದಿನ ಬುಧವಾರಕ್ಕೆ ಹೋಗುತ್ತಿತ್ತು.
ಇವತ್ತು ಕೆನೆವೆ ಕೇಳಿದಳು:
'ಒಂಬತ್ತರಲ್ಲಿ ಐದು ಉಳಿಯಿತಲ್ಲ,
ಆ ಐದು ಪ್ಯಾಂಟು ಯಾರದು?'

ಒಂದು ಎಳೆಯನ್ನೂ ಮಡಚದೆ ಹೇಳಿದೆ.

ಚಹಾ ಬಂತು. ಯಾರೂ ಮುಟ್ಟಲಿಲ್ಲ.
ಹಿಂಜೇಬಿನ ಮೂಲೆಯಲ್ಲಿ ಹೀಗೇ ನಿಲ್ಲಿಸುತ್ತಿದ್ದೆವು:
ಸೂಜಿ ಬಟ್ಟೆಯೊಳಗೆ ಇಳಿದೇ ಇರಬೇಕು,
ಪಾದ ಎತ್ತಬೇಕು,
ಆಮೇಲಷ್ಟೇ ಬಟ್ಟೆ ತಿರುಗುವುದು.