ಮೂರನೆಯ ಸಾಲು

ಬಿ.ಎಂ. ರಸ್ತೆಯ ಶೋರೂಮಿನೊಳಗೆ
ಬಿಸಿಲೂ ತಣ್ಣಗಿದೆ.
ಲಿಖಿತ್ ಎಂಬ ಹುಡುಗ, ಕುತ್ತಿಗೆಗೆ ಬಿಗಿ ಟೈ,
ಗುಂಡಿಯೊತ್ತಿ ಚಾವಣಿ ಸರಿಸುತ್ತಾನೆ,
ಹಾಸನದ ಆಕಾಶವೂ
ಬೆಲೆಯಲ್ಲಿ ಸೇರಿದೆ ಎಂಬಂತೆ.

ಇವರು ಬಾನೆಟ್ಟು ತಟ್ಟಿ ನೋಡಿದರು,
ಕಲ್ಲಂಗಡಿ ತಟ್ಟುವ ಹಾಗೆ.
ಅತ್ತೆ ಡಿಕ್ಕಿಯನ್ನು ಗೇಣಿನಲ್ಲಿ ಅಳೆದು
"ಐದು ಮೂಟೆ ಬಿತ್ತನೆ ಆಲೂಗಡ್ಡೆ" ಎಂದರು.
ಹುಡುಗ ಲೀಟರಿನಲ್ಲಿ ಏನೋ ಹೇಳಿದ.
ಇಬ್ಬರದೂ ಸರಿಯಿರಬೇಕು.

ನಾನು ಸೀಟು ಮಡಚಿ, ಸೀರೆಯೆತ್ತಿ
ಹಿಂದಿನ ಸಾಲಿಗೆ ತೂರಿಕೊಂಡೆ.
"ಅದು ಮಕ್ಕಳಿಗೆ ಮೇಡಂ."
ಮಕ್ಕಳು ಯಾವತ್ತು ಹಿಂದೆ ಕೂತಿದ್ದಾರೆ?
ಮಂಡಿ ಗಲ್ಲಕ್ಕೆ ಬಂತು.
ಸಾಲಗಾಮೆ ರಸ್ತೆಗೆ ಬಿಡಿ ಅಂದೆ,
ಹಂಪುಗಳ ಮೇಲೆ.

ಹಂಪು ಬಂದದ್ದು ಮುಂದಿನವರಿಗೆ ಗೊತ್ತೇ ಆಗಲಿಲ್ಲ.
ನನ್ನ ಸೊಂಟಕ್ಕೆ ಗೊತ್ತಾಯಿತು.
ಏನಕ್ಕೋ ಎಲ್ಲರೂ ನಕ್ಕರು.
"ಏನದು?" ಅಂದೆ.
ಎ.ಸಿ.ಯ ಸದ್ದು, ಹನ್ನೆರಡು ಸ್ಪೀಕರು ದಾಟಿ
ನನ್ನ ಮಾತು ಮುಂದಕ್ಕೆ ಹೋಗಲಿಲ್ಲ.
ಕಂಡದ್ದು ಬರೀ ಹಿಂದಲೆಗಳು.
ಇವರ ಬೋಳು
ಇಷ್ಟು ಅಗಲ ಆದದ್ದು ಯಾವಾಗ?

ಸಾಲಕ್ಕೆ ಸಹಿ ನನ್ನದು.
ಕೋಲ್ಡ್ ಸ್ಟೋರೇಜು ಇರುವುದು ನನ್ನ ಹೆಸರಿನಲ್ಲಿ.
ಇಂಜಿನಿಯರಿಂಗ್ ಕಾಲೇಜಿನ ಮುಂದೆ ನಿಲ್ಲಿಸಲು
ಮೂರು ಸಲ ಕೂಗಬೇಕಾಯಿತು.
ಇಳಿದು, ಸೆರಗು ಸರಿಮಾಡಿಕೊಂಡು ಹೇಳಿದೆ:
ಗಾಡಿ ಚೆನ್ನಾಗಿದೆ, ಲಿಖಿತ್.
ಬಣ್ಣ ಬೇಕಾದರೆ ಇವರೇ ಆರಿಸಲಿ.
ಇಲ್ಲಿಂದ ಶೋರೂಮಿನವರೆಗೆ ನಾನು ಓಡಿಸುತ್ತೇನೆ,
ಇವರು ಹಿಂದೆ ಕೂರಲಿ.

ತಿರುಗಿ ನೋಡಿದರೆ
ಅತ್ತೆ ಆಗಲೇ ಮುಂದಿನ ಸೀಟಿನಲ್ಲಿ,
ಬೆಲ್ಟಿನ ಕೊಂಡಿ ಹುಡುಕುತ್ತಿದ್ದರು.