ಕಪ್ಪು ಉಗುರು

ಯಂಕಮ್ಮಕ್ಕ ನಮ್ಮ ಶಾಲೆಗೆ ಬಂದ ದಿನ
ಹಟ್ಟಿಯ ಅರ್ಧ ಊರು ಬಂದಿತ್ತು ಪದಕ ನೋಡಲು.
ಹತ್ತು ಸಾವಿರ ಮೀಟರಿನದಂತೆ, ಬಂಗಾರದ್ದಂತೆ.
ಮೊದಲ ಪಾಳಿ ಮುಗಿಸಿ ಬಂದ ಮಾಬಮ್ಮನ ಅಪ್ಪ
ಅಂಗೈಯಲ್ಲಿಟ್ಟು ತೂಗಿ, ಹೆಬ್ಬೆರಳಲ್ಲಿ ತಿಕ್ಕಿ,
"ಬರೇ ಗಿಲೀಟು ಐತಿದು, ತಂಗಿ" ಅಂದ.
ಮೂವತ್ತು ವರ್ಷ ನೆಲದೊಳಗೆ ಇಳಿದು ಹತ್ತಿದವನು,
ಅವನೆದುರು ಸುಳ್ಳು ಹೇಳಲು ಯಾವ ಲೋಹಕ್ಕೂ ಧೈರ್ಯವಿಲ್ಲ.
ಖಾಜಾಹುಸೇನ್ ಸರ್ ಮುಖ ಹುಳಿ ತಿಂದಂತಾಯಿತು.

ಅಕ್ಕ ನಕ್ಕಳು. "ಗೊತ್ತೈತ್ರೀ ಕಾಕಾ,
ಅದು ಗ್ವಾಡಿ ಮೊಳಿಗೆ. ನಂದು ಇಲ್ಲೈತಿ" ಅಂದು
ಬೂಟು ಬಿಚ್ಚಿದಳು, ಕಾಲುಚೀಲ ಎಳೆದಳು.
ಹತ್ತು ಬೆರಳು. ಉಗುರು ಏಳು.
ಏಳರಲ್ಲಿ ನಾಲ್ಕು ಸುಟ್ಟ ಬದನೆಕಾಯಿ ಬಣ್ಣ.
ಹೆಬ್ಬೆರಳಿನದು ಉದುರಿದ ಜಾಗದಲ್ಲಿ
ಸಜ್ಜೆಯ ಮೊಳಕೆಯಷ್ಟು ಹೊಸದೊಂದು ಇಣುಕುತ್ತಿತ್ತು.
ಮುಂದಿನ ಸಾಲಿನ ಹುಡುಗಿಯರು ಹಿಂದೆ ಸರಿದೆವು,
ಆಮೇಲೆ ಒಬ್ಬೊಬ್ಬರೇ ಬಂದು ಮುಟ್ಟಿದೆವು.

ಮರುದಿನ ಕತ್ತಲಲ್ಲೇ, ಗಣಿಯ ಭೋಂಗಾ ಕೂಗುವ ಮೊದಲು
ಹದಿನೇಳು ಜನ ಮೈದಾನದಲ್ಲಿ.
ವಾರ ಕಳೆದಾಗ ಒಂಬತ್ತು. ಶೇಂಗಾ ಕೀಳುವ ಹೊತ್ತಿಗೆ ನಾಲ್ಕು.
ಸುತ್ತು ಎಣಿಸಲು ಹುಣಸೆಬೀಜ,
ಒಂದೊಂದಾಗಿ ಎಡಗೈಯಿಂದ ಬಲಗೈಗೆ.
ಮಾಬಮ್ಮನ ಬಲಮುಷ್ಟಿ ತುಂಬಿದಾಗ
ನನ್ನ ಎಡಗೈಯಲ್ಲಿನ್ನೂ ಐದಾರು ಕುಲುಕುತ್ತಿದ್ದವು.
ಗಣಿಯ ಬೂದುಮಣ್ಣಿನ ದಿಬ್ಬದ ಮೇಲೆ ಬೆಳಕು ಬೀಳುತ್ತಿತ್ತು,
ಇದ್ದಬದ್ದದ್ದೆಲ್ಲ ಕೊಟ್ಟು ಕೂತ ಮುದುಕಿಯ ಹಾಗೆ ಅದು
ನಮ್ಮನ್ನೇ ನೋಡುತ್ತಿತ್ತು.

ಸಂಕ್ರಾಂತಿಗೆ ಮಾಬಮ್ಮನ ಉಗುರು ಕಪ್ಪಾಯಿತು.
ಶಾಲೆಯಿಡೀ ಬರಿಗಾಲಲ್ಲಿ ತಿರುಗಿದಳು, ರಾಣಿ!
ಆ ರಾತ್ರಿ ನಾನು ಅವ್ವನ ಕಾಡಿಗೆ ಡಬ್ಬಿ ಕದ್ದು
ಎರಡೂ ಹೆಬ್ಬೆರಳಿಗೆ ಬಳಿದುಕೊಂಡೆ.
ಸರ್ ನೋಡಿದರು. ನನ್ನ ಕಾಲು, ನನ್ನ ಮುಖ.
"ದ್ಯಾಮವ್ವ, ಇವತ್ತ ನೀ ಎರಡು ಬೀಜ ಹೆಚ್ಚಿಗಿ ತಗೋ."
ಅಷ್ಟೇ ಅಂದು ಸೀಟಿ ಊದಿದರು.

ತಗೊಂಡೆ. ಮರುದಿನವೂ.
ವಾಪಸು ಕೊಡು ಅಂತ ಯಾರೂ ಕೇಳಲಿಲ್ಲ.
ಕಾಡಿಗೆಯನ್ನೂ ದಿನಾ ಹಚ್ಚುತ್ತಿದ್ದೆ,
ಸುಳ್ಳು ಒಮ್ಮೆ ಶುರುವಾದರೆ ಅದಕ್ಕೂ ಶಿಸ್ತು ಬೇಕು.

ಹೋಳಿಯ ಹಿಂದಿನ ಭಾನುವಾರ
ನಳದ ಕೆಳಗೆ ಕಾಲು ಚಾಚಿ ಕೂತಿದ್ದೆ.
ಎಡಗಾಲಿನ ಕಾಡಿಗೆ ನೀರಿನೊಡನೆ ಹರಿದು ಹೋಯಿತು.
ಬಲಗಾಲಿನದು ಹೋಗಲಿಲ್ಲ.
ಸೋಪು ಹಚ್ಚಿದೆ. ನಾರಿನಿಂದ ತಿಕ್ಕಿದೆ.
ಜೀವ ಬಾಯಿಗೆ ಬರುವಷ್ಟು ನೋವು.
"ಯವ್ವಾ" ಅಂತ ಕೂಗಿದೆ, "ಲಗೂನ ಬಾ ಬೇ,
ಇದು ಹೋಗವಲ್ದು!"