ಮೂರನೆಯ ಟೂತ್‌ಪೇಸ್ಟ್

ಇರ್ಬಿದ್ ಊರಲ್ಲಿ ರಾತ್ರಿ ಹನ್ನೊಂದರ ಮೇಲೆ
ಔಷಧದಂಗಡಿಗೆ ಬರುವ ಗಂಡಸರು
ಮೊದಲು ಟೂತ್‌ಪೇಸ್ಟ್ ಕೇಳುತ್ತಾರೆ.

ಹಿಕ್ಮತ್‌ಗೆ ಈ ತಿಂಗಳು ಇದು ಮೂರನೆಯದು.
ಎದುರಿನ ರೊಟ್ಟಿಯಂಗಡಿಯ ಒಲೆ ಅವನದು,
ರೆಪ್ಪೆಗೂದಲ ಮೇಲೆ ಇನ್ನೂ ಹಿಟ್ಟು.
ಚಿಲ್ಲರೆ ಎಣಿಸಿಕೊಟ್ಟೆ. ಹೋಗಲಿಲ್ಲ.
ಕೆಮ್ಮಿನ ಸಿರಪ್ ಕೊಂಡ ಹೆಂಗಸು ಬಾಗಿಲು ದಾಟುವವರೆಗೂ
ಶಾಂಪೂ ಬಾಟಲಿಗಳನ್ನು ಓದುತ್ತ ನಿಂತ.

ಆಮೇಲೆ ಫೋನನ್ನು ಕೌಂಟರಿನ ಮೇಲೆ
ಕಳ್ಳಮಾಲಿನ ಹಾಗೆ ಬೋರಲು ಇಟ್ಟ.
"ಇದು ನಿಮ್ಮಲ್ಲಿ ಸಿಗುತ್ತದಾ, ಡಾಕ್ಟೊರಾ ವಿಸಾಲ್?"

ತಿರುಗಿಸಿದೆ. ಬಿಳಿ ಕೋಟು.
ಕಿವಿಗೆ ಸಿಕ್ಕಿಸಿದ ಸ್ಟೆತಸ್ಕೋಪು ಹಿಂದುಮುಂದು.
ಬೆನ್ನ ಹಿಂದಿನ ಪುಸ್ತಕಗಳು
ಗೋಡೆಗೆ ಅಂಟಿಸಿದ ಚಿತ್ರ, ಒಂದು ಮೂಲೆ ಕಿತ್ತುಬಂದಿದೆ.
ಜೇನು, ಶುಂಠಿ, ಕರಿಜೀರಿಗೆ,
ಮತ್ತೊಂದು ಪುಡಿ: ಹೆಸರು ಹೇಳುವುದಿಲ್ಲ, ಕೆಳಗೆ ನಂಬರಿದೆ.
ಏಳು ರಾತ್ರಿಗೆ ಸಿಂಹವಾಗುತ್ತೀರಿ.
ನೋಡಿದವರು ಹದಿನೆಂಟು ಲಕ್ಷ.
ಎಂಥ ಅರಬ್ಬಿ ಅವನದು! ವಾರ್ತೆ ಓದುವವನ ಹಾಗೆ
ಒಂದೊಂದು ಅಕ್ಷರಕ್ಕೂ ಗಂಟಲಲ್ಲಿ ಅದರದರ ಜಾಗ.
ಸುಳ್ಳಿಗೆ ವ್ಯಾಕರಣದ ತಪ್ಪೇ ಇಲ್ಲ.

ನನ್ನ ಮೇಷ್ಟ್ರು ರಜಾಯಿ ಕೂಡ ಒಂದು ವಿಡಿಯೋ ಮಾಡಿದ್ದರು.
ಫ್ಯಾನಿನ ಸದ್ದು. ಅರ್ಧ ಮುಖ ಕತ್ತಲೆ.
ನಡುವೆ ಮೂರು ಸಲ ಕೆಮ್ಮಿ, ಮೂರು ಸಲ
"ಖಚಿತವಾಗಿ ಹೇಳಲಾಗದು" ಎಂದರು.
ನೋಡಿದವರು ಇನ್ನೂರ ಹನ್ನೆರಡು,
ಅದರಲ್ಲಿ ಹತ್ತು ಸಲ ನಾನೇ.

"ಈ ಪುಡಿ ತಗೊಂಡೆಯಾ?"
"ಎರಡು ಡಬ್ಬಿ."
"ಕೆಲಸ ಮಾಡಿತಾ?"
ನೆಲ ನೋಡಿದ. "ಒಂದು ರಾತ್ರಿ.
ಬೆಳಿಗ್ಗೆ ತಲೆ ಸಿಡಿದು ಒಲೆಯ ಮುಂದೆ ಬಿದ್ದೆ."
ಅದರೊಳಗೆ ಏನು ಅರೆದು ಬೆರೆಸಿದ್ದರೋ,
ನನ್ನ ಕಪಾಟಿನ ಮೇಲಿನ ನೀಲಿ ಮಾತ್ರೆಗೆ ಗೊತ್ತಿರಬಹುದು.

"ನೀರು ತುಂಬ ಕುಡಿಯುತ್ತೀಯಾ?"
"ಒಲೆಯ ಮುಂದೆ ಯಾರಿಗೆ ದಾಹವಿಲ್ಲ?"
"ರಾತ್ರಿ ಎಷ್ಟು ಸಲ ಏಳುತ್ತೀ?"
ಬೆರಳು ಮಡಿಚಿ ಎಣಿಸತೊಡಗಿದ, ನಾಲ್ಕಕ್ಕೆ ನಿಲ್ಲಿಸಿದ.
"ಆ ಬೆರಳು ಕೊಡು."

ಸುಟ್ಟು ಸುಟ್ಟು ಜಡ್ಡುಗಟ್ಟಿದ ತುದಿ.
ಮೊದಲ ಸೂಜಿಗೆ ರಕ್ತ ಬರಲಿಲ್ಲ.
ಎರಡನೆಯದಕ್ಕೆ ಒಂದು ಹನಿ,
ದಾಳಿಂಬೆ ಕಾಳಿಗಿಂತ ಚಿಕ್ಕದು.
ಐದು ಸೆಕೆಂಡು. ಪಕ್ಕದಲ್ಲಿ ಫೋನಿನವನು
ಸದ್ದಿಲ್ಲದೆ ಇನ್ನೂ ತುಟಿ ಆಡಿಸುತ್ತಿದ್ದ.

ಯಂತ್ರಕ್ಕೆ ಮಾತು ಬರುವುದಿಲ್ಲ.
ಮುನ್ನೂರ ಹದಿನೆಂಟು ತೋರಿಸಿ ಸುಮ್ಮನಾಯಿತು.

"ಕೆಟ್ಟ ನಂಬರಾ?"
"ಕೆಟ್ಟದ್ದೇ. ಆದರೆ ಇದು ನಿನ್ನದು.
ಆ ಹದಿನೆಂಟು ಲಕ್ಷದಲ್ಲಿ ನಿನ್ನದು ಅಂತ ಒಂದೂ ಇಲ್ಲ."

"ಮತ್ತೆ ಅದು..." ಎಂದ. ವಾಕ್ಯ ಮುಗಿಸಲಿಲ್ಲ.
"ಇದರಿಂದಲೇ ಇರಬಹುದು. ಖಚಿತವಾಗಿ ಹೇಳಲಾಗದು," ಎಂದೆ.
ಆಗಲೇ ಕೇಳಿಸಿತು ನನ್ನ ಗಂಟಲಲ್ಲಿ ಮೇಷ್ಟ್ರ ಕೆಮ್ಮು.

"ಹೆಂಡತಿಗೆ ಏನನ್ನಲಿ?"
"ಸಕ್ಕರೆ ಅನ್ನು."
ಎಷ್ಟೋ ದಿನಕ್ಕೆ ಜೋರಾಗಿ ಆಡಬಹುದಾದ ಮಾತು ಸಿಕ್ಕಿದವನ ಹಾಗೆ
"ಸಕ್ಕರೆ", ಹೇಳಿ ನೋಡಿದ. "ಸಕ್ಕರೆ."

ಆಸ್ಪತ್ರೆಯ ವೇಳೆ, ರಜಾಯಿಯವರ ಕೋಣೆ ಸಂಖ್ಯೆ
ಟೂತ್‌ಪೇಸ್ಟಿನ ಡಬ್ಬಿಯ ಮೇಲೇ ಬರೆದೆ.
ಡಬ್ಬಿ ಮಡಚಿ ಜೇಬಿಗಿಟ್ಟು ಹೊರಟ.
ಟ್ಯೂಬು ಕೌಂಟರಿನ ಮೇಲೇ ಉಳಿಯಿತು.